ಹೊಸ್ತಿಲ ಕೆಳಗಿನ ಲೆಕ್ಕ

ನಾಗಮಂಗಲ ಸೀಮೆಯಲ್ಲಿ ಮನೆ ಕಟ್ಟುವವರು ಪಾಯ ತೋಡಲು ಮುಹೂರ್ತ ನೋಡುತ್ತಾರೆ, ಬಾಗಿಲು ನಿಲ್ಲಿಸುವ ದಿನ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ, ಮೋಲ್ಡ್ ಹಾಕುವ ದಿನ ಕೆಲಸದವರಿಗೆಲ್ಲ ಊಟ ಹಾಕಿಸುತ್ತಾರೆ. ನೆಲಕ್ಕೆ ಮಾತ್ರ ಇಂಥ ದಿನವಿಲ್ಲ. ಕೈಯಲ್ಲಿದ್ದ ದುಡ್ಡು ಮುಕ್ಕಾಲು ಪಾಲು ಖರ್ಚಾಗಿ, ಗೃಹಪ್ರವೇಶದ ಕಾಗದ ಅಚ್ಚಿಗೆ ಹೋದ ಮೇಲೆ ಅದರ ಸರದಿ ಬರುತ್ತದೆ. ಮನೆಯವರೆಲ್ಲ ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಗೋಡೆಗೊರಗಿಸಿಟ್ಟ ಮಾದರಿಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ಆರಿಸಿ, ಅಡಿಗೆ ಎಷ್ಟು ಎಂದು ಕೇಳಿ, ಎರಡು ಮೂರು ರೂಪಾಯಿ ಚೌಕಾಸಿ ಮಾಡಿ ಮುಂಗಡ ಕೊಟ್ಟು ಬರುತ್ತಾರೆ. ನೆಲದ ಯೋಜನೆಯೂ ಬೆಲೆಯೂ ಅಲ್ಲಿಗೆ ಮುಗಿದಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಡುಮನೆಯ ಮೂಲೆ ಇಳಿದಾಗ, ನಡೆದರೆ ಟೈಲ್ಸ್ ಕೆಳಗಿನಿಂದ ಟೊಳ್ಳು ಸದ್ದು ಬಂದಾಗ, ಬೈಗುಳ ಬೀಳುವುದು ಟೈಲ್ಸ್ ಕಂಪನಿಗೆ ಇಲ್ಲವೇ ಮೇಸ್ತ್ರಿಗೆ. ನಿಜವಾಗಿ ಎಡವಿದ್ದು ಲೆಕ್ಕ ಶುರುಮಾಡಿದ ಜಾಗದಲ್ಲಿ. ನೆಲದ ಬೆಲೆಯನ್ನು ಮಣ್ಣಿನಿಂದ ಮೇಲಕ್ಕೆ ಕಟ್ಟುತ್ತ ಬರಬೇಕು. ಅಂಗಡಿಯ ದರ ಆ ಲೆಕ್ಕದ ಕೊನೆಯ ಸಾಲು.

ಇದು ಹೊಸ ಮಾತೇನೂ ಅಲ್ಲ. ಹಳೇ ಮೈಸೂರಿನ ತೊಟ್ಟಿ ಮನೆಗಳನ್ನು ನೋಡಿದರೆ, ನೆಲವನ್ನು ಜಾಗಕ್ಕೂ ಕೆಲಸಕ್ಕೂ ತಕ್ಕಂತೆ ಹಾಕುತ್ತಿದ್ದರೆಂದು ಕಾಣುತ್ತದೆ. ಮಳೆ ಬೀಳುವ ತೊಟ್ಟಿಗೆ ಕಲ್ಲುಚಪ್ಪಡಿ, ಅದರ ಇಳಿಜಾರು ನೀರು ಹೋಗುವ ಕಂಡಿಯ ಕಡೆಗೆ. ಸುತ್ತಲಿನ ಪಡಸಾಲೆ ತೊಟ್ಟಿಗಿಂತ ಎತ್ತರ, ಕೂರಲು ಮಲಗಲು ಗಾರೆ ನೆಲ ಅಥವಾ ಸಗಣಿ ಸಾರಿಸಿದ ನೆಲ. ಬಚ್ಚಲಿಗೆ ಒರಟು ಕಲ್ಲು, ಜಗುಲಿಗೆ ಬಿಸಿಲು ಮಳೆ ತಡೆಯುವ ಕಲ್ಲು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಸುಮಾರು 1250ರಲ್ಲಿ ಕಟ್ಟಿದ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋದವರು ಕುಸುರಿಯ ಸಾಲುಗಳನ್ನೂ ತಿರುಗಣಿಯ ಕಂಬಗಳನ್ನೂ ನೋಡಿ ಬೆರಗಾಗುತ್ತಾರೆ. ಅವನ್ನೆಲ್ಲ ಹೊತ್ತು ನಿಂತ ಜಗತಿಯ ಕಡೆ ಕಣ್ಣು ಹಾಯುವುದು ಕಡಿಮೆ. ಹೊಯ್ಸಳರ ಕೆಲಸಗಾರರು ಕೆತ್ತನೆಗೆ ಕೈ ಹಾಕುವ ಮೊದಲು ಕಟ್ಟಡದ ಆಕಾರಕ್ಕೇ ಹೊಂದುವಂತೆ ಒಂದು ಎತ್ತರದ ಕಲ್ಲುಪೀಠ ಎಬ್ಬಿಸಿ ಮಟ್ಟ ಮಾಡಿಕೊಂಡರು. ದೇವಾಲಯದ ಪ್ರಮಾಣ ಬೇರೆ, 30-40 ನಿವೇಶನದ ಮನೆಯ ಪ್ರಮಾಣ ಬೇರೆ ಎನ್ನುವುದು ಸರಿ. ಆದರೆ ಮಣ್ಣು ಎರಡಕ್ಕೂ ಒಂದೇ.

ಆ ಮಣ್ಣಿನಿಂದಲೇ ಶುರುಮಾಡೋಣ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ನೆಲದಡಿಯ ಸ್ಥಿತಿ ಒಂದೇ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯಲು ತೊಡಗಿ ತಲೆಮಾರುಗಳೇ ಕಳೆದಿವೆ. ಗದ್ದೆಯ ಅಂಚಿನ ಊರುಗಳಲ್ಲಿ ತೇವ ಮೇಲೇ ಇರುತ್ತದೆ. ಕೃಷ್ಣರಾಜಪೇಟೆಯ ಹೇಮಾವತಿ ನಾಲೆಯ ಆಸುಪಾಸಿನಲ್ಲೂ ಹಾಗೆಯೇ. ಇಂಥಲ್ಲಿ ನೆಲಕ್ಕೆ ದೊಡ್ಡ ಶತ್ರು ಕೆಳಗಿನಿಂದ ಏರುವ ತೇವ. ಟೈಲ್ಸ್ ಸಂದುಗಳಲ್ಲಿ ಬಿಳಿ ಉಪ್ಪು ಕಟ್ಟುವುದು, ಗೋಡೆಯ ಬುಡದಲ್ಲಿ ಬಣ್ಣ ಪುಡಿಪುಡಿಯಾಗಿ ಉದುರುವುದು ಅದರ ಗುರುತು. ನಾಗಮಂಗಲದ ಮಳೆಯಾಶ್ರಿತ ಬಯಲಿನಲ್ಲಿ ಕಷ್ಟ ಬೇರೆ ಬಗೆಯದು. ಬೇಸ್‌ಮೆಂಟ್ ಒಳಗೆ ಪಾಯದಿಂದ ತೆಗೆದ ಕೆಂಪು ಮಣ್ಣನ್ನೇ ಟ್ರ್ಯಾಕ್ಟರ್‌ಗಟ್ಟಲೆ ಸುರಿದು, ಮೇಲೆ ಒಂದು ದಿನ ನೀರು ಬಿಟ್ಟು, ತುಂಬಿತು ಎನ್ನುತ್ತಾರೆ. ಸಡಿಲವಾಗಿ ಸುರಿದ ಮಣ್ಣು ಕಲ್ಲಿನಂತೆ ಕೂರಬೇಕಾದರೆ ಅರ್ಧ, ಮುಕ್ಕಾಲು ಅಡಿಗೊಂದರಂತೆ ಪದರ ಪದರವಾಗಿ ಹಾಕಿ, ನೀರುಣಿಸಿ, ದಮ್ಮಸ್ಸು ಮಾಡಬೇಕು. ಹಿಂದೆ ಬೇಸ್‌ಮೆಂಟ್ ತುಂಬಿಸಿ ಒಂದು ಮಳೆಗಾಲ ಹಾಗೇ ಬಿಡುವ ಪದ್ಧತಿ ಇತ್ತು. ಈಗ ಎಂಟು ತಿಂಗಳಲ್ಲಿ ಮನೆ ಏಳುವುದರಿಂದ ಆ ಮಳೆಯ ಕೆಲಸವನ್ನು ಮನುಷ್ಯರೇ ಮಾಡಬೇಕು. ಮಂಡ್ಯ ಜಿಲ್ಲೆಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬೇಸಿಗೆಯಲ್ಲಿ ಹಾಕಿದ ನೆಲದ ಮೊದಲ ಪರೀಕ್ಷೆ ಆಗಲೇ.

ತುಂಬಿದ ಮಣ್ಣಿನ ಮೇಲೆ ದಪ್ಪ ಜಲ್ಲಿ ಅಥವಾ ಸೈಜುಗಲ್ಲು ಹಾಸಿ, ಅದರ ಮೇಲೆ ನಾಲ್ಕಂಗುಲ ಬೆಡ್ ಕಾಂಕ್ರೀಟ್ ಹಾಕಿದರೆ ತಳ ಸಿದ್ಧ. ನಾಲೆ ಬಯಲಿನ ಮನೆಗೆ ನಡುವೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದು ಒಳ್ಳೆಯದು. ಅದರ ಖರ್ಚು ಇಡೀ ನೆಲದ ಖರ್ಚಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಆಮೇಲೆ ಹಾಕಿಸುತ್ತೇನೆ ಎಂದರೆ ಆಗುವ ಕೆಲಸವೂ ಅಲ್ಲ. ಎಸ್ಟಿಮೇಟ್ ಬರೆಸುವಾಗ ಈ ತಳದ ಕೆಲಸ ಬಹುತೇಕ ‘ಬೇಸ್‌ಮೆಂಟ್ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತದೆ. ಅದನ್ನು ಬಿಡಿಸಿ ಬರೆಸಬೇಕು: ಮಣ್ಣು ಎಷ್ಟು ಲೋಡು, ಯಾವ ಮಣ್ಣು, ದಮ್ಮಸ್ಸು ಕೈಯಲ್ಲೋ ಯಂತ್ರದಲ್ಲೋ, ಬೆಡ್ ಕಾಂಕ್ರೀಟ್ ಎಷ್ಟು ದಪ್ಪ. ಜಲ್ಲಿ, ಎಂ-ಸ್ಯಾಂಡ್ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಬೇಕು. ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಲ್ಲು ಗಣಿಗಾರಿಕೆಗೆ 2024ರ ಜನವರಿಯಲ್ಲಿ ಹೈಕೋರ್ಟ್ ತಡೆ ಹಾಕಿತು. ಅಣೆಕಟ್ಟೆಗಿಂತ ಮನೆ ದೊಡ್ಡದಲ್ಲ, ಆ ಆದೇಶದ ಬಗ್ಗೆ ತಕರಾರು ತೆಗೆಯಬೇಕಿಲ್ಲ. ಆದರೆ ಈ ಭಾಗದಲ್ಲಿ ಜಲ್ಲಿಯ ಬೆಲೆ ಎಂದರೆ ಅರ್ಧ ಲಾರಿ ಬಾಡಿಗೆ ಎಂಬುದನ್ನು ಮರೆಯದೆ, ಹೋದ ವರ್ಷ ನೆಂಟರು ಕೊಟ್ಟ ದರವನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ಈಗ ಅಳತೆ. ನಮ್ಮಲ್ಲಿ ಮನೆಯನ್ನು ಚದರದಲ್ಲಿ ಹೇಳುತ್ತೇವೆ, ಒಂದು ಚದರಕ್ಕೆ 100 ಚದರಡಿ. ಹೊರಗಿನಿಂದ 25 ಅಡಿಗೆ 40 ಅಡಿ ಇರುವ ಮನೆ ಹತ್ತು ಚದರ. ಹೊರಗೋಡೆ, ಒಳಗೋಡೆಗಳ ದಪ್ಪ ಕಳೆದರೆ ಕಾಲಿಡುವ ಜಾಗ ಸುಮಾರು 850 ಚದರಡಿ ಉಳಿಯುತ್ತದೆ. ನೆಲದ ಕೂಲಿ ಹತ್ತು ಚದರಕ್ಕೆ ಎಂದು ಮಾತಾದರೆ, ಗೋಡೆ ಕೂತ ಜಾಗಕ್ಕೂ ಟೈಲ್ಸ್ ಹಾಕಿದ ಕೂಲಿ ಕೊಟ್ಟಂತಾಗುತ್ತದೆ. ಆದ್ದರಿಂದ ಹಾಕಿದ ಅಳತೆಗೆ ಕೂಲಿ ಎಂದು ಮೊದಲೇ ಬರೆದುಕೊಳ್ಳಬೇಕು.

ಈ 850 ಅಡಿಯ ಮೇಲೆ ಟೈಲ್ಸ್ ಕೂರಿಸಲು ಗಾರೆ ಬೇಕು. ಬೆಡ್ ಕಾಂಕ್ರೀಟ್ ಮಟ್ಟವಾಗಿದ್ದರೆ ಒಂದಂಗುಲ ಗಾರೆ ಸಾಕು. 850 ಚದರಡಿಗೆ ಒಂದಂಗುಲ ಎಂದರೆ ಸುಮಾರು 71 ಘನ ಅಡಿ. ಒಣಸಾಮಗ್ರಿ ಕಲಸಿದಾಗ ಕುಗ್ಗುವುದರಿಂದ ಮೂರನೇ ಒಂದು ಪಾಲು ಹೆಚ್ಚು ಹಿಡಿಯಬೇಕು, 94 ಘನ ಅಡಿ ಆಯಿತು. ಒಂದಕ್ಕೆ ಆರರ ಪ್ರಮಾಣದಲ್ಲಿ ಅದಕ್ಕೆ 11 ಮೂಟೆ ಸಿಮೆಂಟ್, 80 ಘನ ಅಡಿ ಮರಳು. ಬೆಡ್ ಕಾಂಕ್ರೀಟನ್ನು ಕಣ್ಣಂದಾಜಿನಲ್ಲಿ ಹಾಕಿ, ಒಂದು ಕೋಣೆ ತಗ್ಗು ಒಂದು ಕೋಣೆ ಉಬ್ಬು ಆಗಿ, ಮಟ್ಟ ಸರಿದೂಗಿಸಲು ಸರಾಸರಿ ಎರಡಂಗುಲ ಗಾರೆ ಬೇಕಾಯಿತೆನ್ನಿ: ಇನ್ನೂ 11 ಮೂಟೆ, ಇನ್ನೂ 80 ಅಡಿ. ಲೆಕ್ಕಕ್ಕಾಗಿ ಮೂಟೆಗೆ 400 ರೂಪಾಯಿ, ಮರಳಿಗೆ ಘನ ಅಡಿಗೆ 60 ರೂಪಾಯಿ ಎಂದಿಟ್ಟುಕೊಂಡರೆ, ಆ ಹೆಚ್ಚಿನ ಒಂದಂಗುಲಕ್ಕೆ 9,200 ರೂಪಾಯಿ. ಚದರಡಿಗೆ 11 ರೂಪಾಯಿಗೆ ಹತ್ತಿರ. ಅಂಗಡಿಯಲ್ಲಿ ಅರ್ಧ ದಿನ ಕೂತು ಅಡಿಗೆ ಮೂರು ರೂಪಾಯಿ ಇಳಿಸಿಕೊಂಡ ಮನೆಯೊಡೆಯನಿಗೆ ಕಾಂಕ್ರೀಟ್ ಹಾಕುವ ದಿನ ಒಂದು ಲೆವೆಲ್ ಪೈಪು ಹಿಡಿಸಿದ್ದರೆ ಅದರ ಮೂರು ಪಟ್ಟು ಉಳಿಯುತ್ತಿತ್ತು. ನೀರು ತುಂಬಿದ ಆ ಪ್ಲಾಸ್ಟಿಕ್ ಪೈಪು, ರಸಮಟ್ಟ, ಮೂಲೆಮಟ್ಟ ಇವು ಮೂರೂ ಎಲ್ಲ ಮೇಸ್ತ್ರಿಗಳ ಚೀಲದಲ್ಲಿ ಇರುತ್ತವೆ. ಗೋಡೆಯ ಮೇಲೆ ಎಲ್ಲ ಕೋಣೆಗಳಿಗೂ ಒಂದೇ ಎತ್ತರದಲ್ಲಿ ನೀಲಿ ದಾರ ಹೊಡೆಸಿ, ಅಲ್ಲಿಂದ ಕೆಳಗೆ ಅಳೆಯುತ್ತ ಬಂದರೆ ತಗ್ಗುದಿಣ್ಣೆ ಎಲ್ಲಿದೆಯೆಂದು ಯಾರಿಗಾದರೂ ತಿಳಿಯುತ್ತದೆ.

ಅಂಗಡಿಯ ಲೆಕ್ಕ ಇದಾದ ಮೇಲೆ. ಎರಡಡಿ-ಎರಡಡಿ ಎಂದು ಕರೆಯುವ ಟೈಲ್ಸಿನ ನಿಜವಾದ ಅಳತೆ 600 ಮಿಲಿಮೀಟರ್. ಪೂರಾ ಎರಡಡಿ ಎಂದರೆ 610ರ ಹತ್ತಿರ. ಆದ್ದರಿಂದ ನಾಲ್ಕು ಟೈಲ್ಸಿನ ಒಂದು ಬಾಕ್ಸ್ ಹಾಸುವುದು 15.5 ಚದರಡಿ, 16 ಅಲ್ಲ. ಅರ್ಧ ಅಡಿಯಲ್ಲಿ ಏನು ಮಹಾ ಎನಿಸಬಹುದು. ನಮ್ಮ 850 ಅಡಿಗೆ ಕತ್ತರಿಸಿ ಹಾಳಾಗುವ ಪಾಲು ನೂರಕ್ಕೆ ಏಳು ಸೇರಿಸಿದರೆ 910. ಗೋಡೆಯ ಬುಡಕ್ಕೆ ನಾಲ್ಕಂಗುಲ ಸ್ಕರ್ಟಿಂಗ್ ಸುಮಾರು 280 ರನ್ನಿಂಗ್ ಅಡಿ ಬಂದರೆ ಅದಕ್ಕೆ ಇನ್ನೊಂದು 100. ಒಟ್ಟು 1,010 ಚದರಡಿ. ಹದಿನಾರರಿಂದ ಭಾಗಿಸಿದವರು 64 ಬಾಕ್ಸ್ ತರುತ್ತಾರೆ, ಹದಿನೈದೂವರೆಯಿಂದ ಭಾಗಿಸಿದವರು 66. ಕಡಿಮೆ ಬಿದ್ದ ಆ ಎರಡು ಬಾಕ್ಸು ಗೊತ್ತಾಗುವುದು ಕೊನೆಯ ದಿನ, ಕೊನೆಯ ಕೋಣೆಯಲ್ಲಿ. ಆಗ ಅದೇ ಹೆಸರಿನ ಟೈಲ್ಸ್ ಅಂಗಡಿಯಲ್ಲಿ ಸಿಕ್ಕರೂ ಬೇರೆ ಬ್ಯಾಚಿನದಾಗಿದ್ದರೆ ಬಣ್ಣ ಕೂದಲೆಳೆಯಷ್ಟು ಬೇರೆಯಾಗಿ, ಕಿಟಕಿಯ ಬೆಳಕು ಬಿದ್ದಾಗ ಕಣ್ಣಿಗೆ ಚುಚ್ಚುತ್ತದೆ. ಬಾಕ್ಸಿನ ಪಕ್ಕದಲ್ಲಿ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಅಚ್ಚಾಗಿರುತ್ತದೆ. ಇಳಿಸಿಕೊಳ್ಳುವಾಗಲೇ ಎಲ್ಲ ಬಾಕ್ಸುಗಳಲ್ಲೂ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು. ಅಡಿಗೆ 50 ರೂಪಾಯಿ ಎಂದರೆ ತೆರಿಗೆ ಸೇರಿಯೋ ಬಿಟ್ಟೋ ಎಂದು ಕೇಳುವುದೂ ಮುಖ್ಯ. ಟೈಲ್ಸ್ ಮೇಲಿನ ಜಿಎಸ್‌ಟಿ 2017ರ ನವೆಂಬರಿನಿಂದ ನೂರಕ್ಕೆ 18. ಈ 66 ಬಾಕ್ಸಿಗೆ ಅದು ಒಂಬತ್ತು ಸಾವಿರ ದಾಟುತ್ತದೆ; ಮಟ್ಟ ತಪ್ಪಿದ ಒಂದಂಗುಲ ನುಂಗಿದಷ್ಟೇ ಹಣ.

ಕೂಲಿಯ ವಿಷಯದಲ್ಲಿ ಜಗಳ ಬರುವುದು ದರದ ಮೇಲಲ್ಲ, ಮಾತಾಡದೆ ಬಿಟ್ಟ ಕೆಲಸಗಳ ಮೇಲೆ. ಸ್ಕರ್ಟಿಂಗ್ ಅಡಿ ಲೆಕ್ಕದಲ್ಲಿ ಸೇರಿದೆಯೋ, ರನ್ನಿಂಗ್ ಅಡಿಗೆ ಬೇರೆಯೋ? ಮೆಟ್ಟಿಲಿನ ಅಂಚು, ಸಂದಿಗೆ ಗ್ರೌಟ್ ತುಂಬುವುದು, ಮಾಳಿಗೆಗೆ ಹೊರುವುದು, ಕೊನೆಗೆ ತೊಳೆದು ಕೊಡುವುದು ಯಾರ ಪಾಲು? ಇನ್ನೊಂದು ಮಾತನ್ನು ಬಿಡದೆ ಆಡಬೇಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಕಲೆ ಹಿಡಿಯದಿರುವುದಕ್ಕೆ ಇದೇ ಕಾರಣ, ಬರೀ ಸಿಮೆಂಟ್ ಹಾಲು ಸುರಿದು ಕೂರಿಸಿದರೆ ಗಾರೆಗೆ ಸರಿಯಾಗಿ ಕಚ್ಚದಿರುವುದಕ್ಕೂ ಇದೇ ಕಾರಣ. ಹಳೆಯ ಮೊಸಾಯಿಕ್‌ಗೆ, ಕಡಪ ಕಲ್ಲಿಗೆ ಸಾಕಾಗುತ್ತಿದ್ದ ವಿಧಾನ ಇದಕ್ಕೆ ಸಾಲದು. ಮಟ್ಟ ಮಾಡಿದ ನೆಲದ ಮೇಲೆ ಟೈಲ್ಸ್ ಅಂಟನ್ನು ಹಲ್ಲುಕರಣೆಯಿಂದ ಪೂರ್ತಿ ಹರಡಿ, ಎರಡು ಟೈಲ್ಸ್ ನಡುವೆ ಸ್ಪೇಸರ್ ಇಟ್ಟು ಸಂದು ಬಿಟ್ಟು, ಗೋಡೆಯ ಬುಡದಲ್ಲೂ ಸ್ವಲ್ಪ ಜಾಗ ಬಿಟ್ಟು ಹಾಕಬೇಕು. ಆ ಜಾಗವನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಸಂದೇ ಕಾಣದಂತೆ ಹಾಕಿಕೊಡಿ ಎಂದು ಮನೆಯವರೇ ಹಟ ಹಿಡಿಯುವುದುಂಟು. ಏಪ್ರಿಲ್ ಬಿಸಿಲಿಗೆ ಹಿಗ್ಗಲು ಜಾಗ ಸಿಗದ ಟೈಲ್ಸ್ ಒಂದು ದಿನ ಗುಡಾರದಂತೆ ಮೇಲೆದ್ದು ನಿಲ್ಲುವುದು ಇಂಥ ನೆಲದಲ್ಲೇ. ಹಾಕಿದ ವಾರದ ಬಳಿಕ ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸಿನ ನಾಲ್ಕು ಮೂಲೆ, ನಡುವೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಅದನ್ನು ಕಿತ್ತು ಹಾಕಿಸಿದ ಮೇಲೆ ಬಾಕಿ ಕೂಲಿ ಎಂದು ಮೊದಲೇ ಒಪ್ಪಂದವಾದರೆ ಇಬ್ಬರಿಗೂ ಮನಸ್ತಾಪವಿಲ್ಲ.

ಯಾವ ಕೋಣೆಗೆ ಯಾವ ನೆಲ ಎಂಬ ಪ್ರಶ್ನೆಗೆ ಇಡೀ ಮನೆಗೆ ಒಂದೇ ಉತ್ತರ ಕೊಡುವ ಈಗಿನ ರೂಢಿ ನಮ್ಮ ಬದುಕಿಗೆ ಹೊಂದುವುದಿಲ್ಲ. ಈ ಸೀಮೆಯ ಮನೆ ಬರೀ ವಾಸದ ಮನೆಯಲ್ಲ. ರಾಗಿ ಮೂಟೆ ಎಳೆಯುತ್ತಾರೆ, ತೆಂಗಿನಕಾಯಿ ರಾಶಿ ಹಾಕುತ್ತಾರೆ, ಎಷ್ಟೋ ಕಡೆ ರೇಷ್ಮೆಹುಳು ಸಾಕುತ್ತಾರೆ. ಹುಳು ಮನೆಯ ನೆಲ ಪ್ರತಿ ಬೆಳೆಗೂ ಬ್ಲೀಚಿಂಗ್ ಪುಡಿ, ಸುಣ್ಣದ ನೀರಿನಲ್ಲಿ ತೊಳೆಸಿಕೊಳ್ಳುತ್ತದೆ. ಅಲ್ಲಿಗೆ ಬೇಕಾದದ್ದು ಹೊಳಪಲ್ಲ, ನೀರು ನಿಲ್ಲದ ಇಳಿಜಾರು, ಸೀಳಿಲ್ಲದ ಗಟ್ಟಿ ಸಿಮೆಂಟ್ ನೆಲ. ನುಣ್ಣನೆಯ ಪಾಲಿಶ್ ಟೈಲ್ಸ್ ನಡುಮನೆಗೆ ಚೆಂದವೇನೋ ಹೌದು. ಬಚ್ಚಲಿಗೆ, ಹಿತ್ತಲ ಬಾಗಿಲಿಗೆ, ಪಾತ್ರೆ ತೊಳೆಯುವ ಕಡೆಗೆ ಹಾಕಿದರೆ ಒದ್ದೆ ಕಾಲಿನ ಅಜ್ಜಿಯ ಸೊಂಟಕ್ಕೆ ಬೆಲೆ ಕಟ್ಟಿದಂತೆ. ಜಾರದ ಟೈಲ್ಸ್‌ಗೆ ಆರ್-10, ಆರ್-11 ಎಂಬ ದರ್ಜೆಗಳಿವೆ, ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ದರ್ಜೆ ತಿಳಿಯದಿದ್ದರೆ ಅಂಗಡಿಯಲ್ಲೇ ಮಾದರಿಯ ಮೇಲೆ ಒಂದು ಲೋಟ ನೀರು ಹಾಕಿ ಬರಿಗಾಲಲ್ಲಿ ನಿಂತು ನೋಡಬಹುದು. ಅಡುಗೆಮನೆಗೂ ಜಗುಲಿಗೂ ಗ್ರಾನೈಟ್ ಗಟ್ಟಿ, ಕಿತ್ತುಹೋಗದ ಬಾಳಿಕೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ನಮ್ಮ ನಾಡಿನವೇ. ಆದರೆ ಗ್ರಾನೈಟ್ ಹಲಗೆ ಅಳೆಯುವಾಗ ಓರೆಕೋರೆಯಾದ ಅಂಚನ್ನೂ ಸೇರಿಸಿ ಅಳೆದರೋ, ಕತ್ತರಿಸಿ ಉಳಿಯುವ ಚೌಕವನ್ನು ಮಾತ್ರವೋ ಎಂಬುದರ ಮೇಲೆ ಅದರ ನಿಜ ದರ ನಿಂತಿದೆ.

ಇಷ್ಟೆಲ್ಲ ತಾಪತ್ರಯ ಏಕೆ, ಅಜ್ಜಂದಿರ ರೆಡ್ ಆಕ್ಸೈಡ್ ನೆಲವೇ ಸಾಕಲ್ಲ ಎಂದು ಕೇಳುವವರಿದ್ದಾರೆ. ಆ ನೆಲದ ತಂಪು, ವರ್ಷ ಕಳೆದಂತೆ ಕಾಲು ಸವೆಸಿ ಕೊಟ್ಟ ಹೊಳಪು ಯಾವ ಟೈಲ್ಸಿಗೂ ಇಲ್ಲವೆಂದು ಈ ಲೇಖಕನೂ ಒಪ್ಪುತ್ತಾನೆ. ಸಾಮಗ್ರಿಯ ಖರ್ಚೂ ಕಡಿಮೆ. ಆದರೆ ಅದು ಕೈಚಳಕದ ಕೆಲಸ. ಸಿಮೆಂಟಿಗೆ ಬಣ್ಣ ಹದವಾಗಿ ಬೆರೆಸಿ, ಒಂದು ಕೋಣೆಯನ್ನು ನಿಲ್ಲಿಸದೆ ಮುಗಿಸಿ, ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ತಂದು, ದಿನಗಟ್ಟಲೆ ನೀರು ನಿಲ್ಲಿಸಿ ಕಾಯಬೇಕು. ಆ ಕೈಗಳು ಈಗ ಊರಿಗೊಂದೂ ಸಿಗುವುದು ಕಷ್ಟ, ಸಿಕ್ಕರೆ ಅವರ ಕೂಲಿ ನ್ಯಾಯವಾಗಿಯೇ ಹೆಚ್ಚು. ತಳ ಕುಸಿದರೆ ಟೈಲ್ಸ್ ಆದರೂ ಸಂದಿನಲ್ಲಿ ಬಿಟ್ಟುಕೊಳ್ಳುತ್ತದೆ. ಕೆಂಪು ನೆಲ ಕೋಣೆಯ ಉದ್ದಕ್ಕೂ ಸೀಳುತ್ತದೆ, ಆ ಸೀಳಿಗೆ ಹಾಕಿದ ತೇಪೆ ಎಂದೂ ಬಣ್ಣ ಕೂಡುವುದಿಲ್ಲ. ಅಂದರೆ ಕಡಿಮೆ ಬೆಲೆಯ ಈ ನೆಲ ಬೇಡುವುದು ಎಲ್ಲಕ್ಕಿಂತ ಒಳ್ಳೆಯ ತಳವನ್ನು. ಅಜ್ಜಂದಿರ ಮನೆಯಲ್ಲಿ ಅದು ಬಾಳಿತು ಎನ್ನುವಾಗ ಅವರ ಬೇಸ್‌ಮೆಂಟ್ ಮಳೆ ಕುಡಿದು ಕೂತಿತ್ತು ಎಂಬುದನ್ನೂ ಜೊತೆಗೆ ಹೇಳಬೇಕು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಹಣ ಇರುವುದೇ ಇಷ್ಟು. ಅದನ್ನು ಯಾರಿಗೂ ಕಾಣದ ಮಣ್ಣಿಗೆ, ಜಲ್ಲಿಗೆ ಹಾಕಿದರೆ ಗೃಹಪ್ರವೇಶಕ್ಕೆ ಬಂದ ಬೀಗರ ಮುಂದೆ ಏನು ತೋರಿಸುವುದು? ಟೈಲ್ಸ್ ಹಾಳಾದರೆ ಹತ್ತು ವರ್ಷದ ಮೇಲೆ ಬದಲಾಯಿಸಿದರಾಯಿತು. ಮಾನದ ಪ್ರಶ್ನೆಯನ್ನು ಹಗುರವಾಗಿ ಕಾಣುವ ಹಾಗಿಲ್ಲ. ಬದುಕಿನಲ್ಲಿ ಒಮ್ಮೆ ಕಟ್ಟುವ ಮನೆ ಅಂದವಾಗಿರಬೇಕೆಂಬ ಆಸೆ ಸಹಜ. ಆದರೆ ಬದಲಾಯಿಸುವುದೆಂದರೆ ಏನೆಂದು ಒಮ್ಮೆ ನೋಡಿ. ಹಳೆಯ ಟೈಲ್ಸ್ ಒಡೆಯುವ ಕೂಲಿ, ಕಸ ಸಾಗಿಸುವ ಟ್ರ್ಯಾಕ್ಟರ್, ಮಂಚ ಬೀರು ಪಾತ್ರೆಗಳೊಂದಿಗೆ ಎರಡು ವಾರ ಬೇರೆ ಕಡೆ ವಾಸ, ಗೋಡೆಯ ಬುಡಕ್ಕೆ ಮತ್ತೆ ಬಣ್ಣ, ಆಮೇಲೆ ಹೊಸ ಟೈಲ್ಸ್, ಹೊಸ ಕೂಲಿ. ಒಡೆಯುವುದು ಬೇಡವೆಂದು ಹಳೆಯದರ ಮೇಲೇ ಹೊಸದನ್ನು ಅಂಟಿಸುವವರು ಹೆಚ್ಚುತ್ತಿದ್ದಾರೆ. ಕೆಳಗಿನದು ಗಟ್ಟಿಯಾಗಿ ಕೂತಿದ್ದರೆ ಅದೂ ಒಂದು ದಾರಿಯೇ, ಆದರೆ ಟೊಳ್ಳು ನೆಲದ ಮೇಲೆ ಅಂಟಿಸಿದರೆ ಹೊಸದೂ ಟೊಳ್ಳೇ. ಅದಕ್ಕೂ ಹೆಚ್ಚಾಗಿ, ನೆಲ ಅರ್ಧ ಮುಕ್ಕಾಲು ಅಂಗುಲ ಏರಿದಾಗ ಬಾಗಿಲುಗಳ ಬುಡ ಕತ್ತರಿಸಬೇಕು, ಬಚ್ಚಲಿನ ನೀರು ತಡೆಯುವ ಇಳಿತ ಹೋಗುತ್ತದೆ. ಹೀಗೆ ಎರಡು ಸಲ ನೆಲ ಏರಿದ ಹಳೆಯ ಮನೆಗಳಲ್ಲಿ ಹೊಸ್ತಿಲು ಅರ್ಧ ಹೂತುಹೋಗಿ, ರಂಗೋಲಿ ಎಳೆಯಲು, ಅರಿಸಿನ ಹಚ್ಚಲು ಎರಡು ಬೆರಳಗಲ ಮರ ಉಳಿದಿರುತ್ತದೆ.

ಕಾಲದ ಒತ್ತಡವೂ ಇದೆ. ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲವಾದ್ದರಿಂದ ಅದಕ್ಕೆ ಮುಂಚೆ ಮುಗಿಸುವ ಅವಸರ ಬೀಳುವುದು ನೆಲದ ಮೇಲೇ. ಗಿಲಾವು ಒಣಗಿಲ್ಲ, ಗೋಡೆಯೊಳಗಿನ ನೀರಿನ ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ನೋಡಿಲ್ಲ, ಅಷ್ಟರಲ್ಲಿ ಟೈಲ್ಸ್ ಹಾಸಿಯಾಗಿರುತ್ತದೆ. ಅದರ ಮೇಲೆ ಪೇಂಟಿನವರ ಏಣಿ, ಬಡಗಿಯ ಉಳಿ ಬೀಳುತ್ತವೆ. ಪೈಪು, ವೈರಿಂಗ್, ಗಿಲಾವು ಎಲ್ಲ ಮುಗಿದು ಪರೀಕ್ಷೆಯಾದ ಮೇಲೆ, ಕೊನೆಯ ಕೋಟು ಬಣ್ಣಕ್ಕೆ ಮುಂಚೆ ನೆಲ ಬರಬೇಕು. ಆ ದಿನದಿಂದ ಮುಂದಕ್ಕೆ ಎಣಿಸಿ ಮುಹೂರ್ತ ಗೊತ್ತುಮಾಡಿದರೆ ಜೋಯಿಸರೂ ಬೇಡವೆನ್ನುವುದಿಲ್ಲ, ಶ್ರಾವಣದಲ್ಲೂ ಒಳ್ಳೆಯ ದಿನಗಳಿವೆ.

ಈ ಮಾತೆಲ್ಲ ಹತ್ತು ಚದರ ಕಟ್ಟುವವರಿಗಾಯಿತು, ಸರ್ಕಾರದ ಸಹಾಯದಲ್ಲಿ ಗೂಡು ಕಟ್ಟಿಕೊಳ್ಳುವವರಿಗೇನು ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಪ್ರದೇಶದ ಮನೆಗೆ ಗೊತ್ತುಮಾಡಿದ ನೆರವು 1 ಲಕ್ಷ 20 ಸಾವಿರ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ 269 ಚದರಡಿ. ಅಷ್ಟರಲ್ಲಿ ಗೋಡೆ, ಮಾಳಿಗೆ ಏಳಿಸುವುದೇ ಹರಸಾಹಸ. ಕೆಳಗಿನಿಂದ ಮೇಲಕ್ಕೆ ಎಂಬ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಮನೆಗೇ, ಏಕೆಂದರೆ ಇದರಲ್ಲಿ ಖರ್ಚನ್ನು ಎರಡು ಕಂತು ಮಾಡಬಹುದು. ಮೊದಲ ಕಂತಿನಲ್ಲಿ ಮಣ್ಣು ಸರಿಯಾಗಿ ದಮ್ಮಸ್ಸು ಮಾಡಿ, ಬೆಡ್ ಕಾಂಕ್ರೀಟನ್ನು ಲೆವೆಲ್ ಪೈಪು ಹಿಡಿದು ಹಾಕಿ, ಮೇಲೆ ಸಿಮೆಂಟ್ ಸಾರಣೆ ಮಾಡಿ ವಾಸಕ್ಕೆ ಬರುವುದು. ಅದರ ಮೇಲೆ ಬಾಳುವೆ ಚೆನ್ನಾಗಿಯೇ ನಡೆಯುತ್ತದೆ. ಎರಡು ರಾಗಿ ಬೆಳೆ ಕೈಹತ್ತಿದಾಗಲೋ, ಮಗಳ ಸಂಬಳ ಬರತೊಡಗಿದಾಗಲೋ ಟೈಲ್ಸ್ ತರಬಹುದು. ಆ ಹೊತ್ತಿಗೆ ತಳ ಎರಡು ಮೂರು ಮಳೆಗಾಲ ಕಂಡು ಕೂತಿರುತ್ತದೆ. ಬಾಗಿಲು ನಿಲ್ಲಿಸುವ ದಿನವೇ ಮೇಸ್ತ್ರಿಗೆ ಒಂದು ಮಾತು ಹೇಳಿರಬೇಕು ಅಷ್ಟೆ: ಸಿಮೆಂಟ್ ನೆಲ ಹೊಸ್ತಿಲ ಮೇಲಂಚಿನಿಂದ ಎಷ್ಟು ಕೆಳಗೆ ಬರುತ್ತದೆಯೋ, ಅದಕ್ಕಿಂತ ಇನ್ನೊಂದು ಅಂಗುಲ ಕೆಳಗೇ ಇರಲಿ, ಆ ಅಂಗುಲ ಮುಂದೆ ಬರುವ ಟೈಲ್ಸಿನದು.